ಇಲ್ಲ, ವಾಸಿಯಾಗಿಲ್ಲ. ಹೌದು, ಚೆನ್ನಾಗಿದ್ದೀನಿ

"ಇರ್ಫಾನ್ ಖಾನ್‌ಗೆ ಬಂದಿತ್ತಲ್ಲ, ಅದೇನಾ?"

ಹೌದು, ನನ್ನ ಕಾಯಿಲೆಯೂ ಅದೇ. ನ್ಯೂರೋಎಂಡೋಕ್ರೈನ್ ಟ್ಯೂಮರ್, ಅಂದರೆ ಹಾರ್ಮೋನು ಸುರಿಸುವಂಥ ಜೀವಕೋಶಗಳಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್. ಅವರು 2018ರಲ್ಲಿ ವಿಷಯ ತಿಳಿಸಿದರು, 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಕೇಳಿದವರು ಮನಸ್ಸಲ್ಲೇ ಎರಡು ವರ್ಷ ಅಂತ ಲೆಕ್ಕ ಹಾಕಿ ನನ್ನ ಮುಖ ನೋಡುತ್ತಾರೆ. ಆ ಲೆಕ್ಕ ದಾಟಿ ಬಹಳ ಕಾಲವಾಯ್ತು ಅಂದರೆ, "ಹಾಗಾದ್ರೆ ವಾಸಿಯಾಯ್ತು ಬಿಡಿ" ಅಂತಾರೆ. ಇಲ್ಲ. ಸಣ್ಣ ಕರುಳಲ್ಲಿ ಶುರುವಾಗಿ ಲಿವರ್‌ಗೆ ಹರಡಿದ್ದು ಇನ್ನೂ ಅಲ್ಲೇ ಇದೆ.

ನಾಲ್ಕನೇ ಸ್ಟೇಜ್ ಅಂದ ಕೂಡಲೇ ಮನೆಮಂದಿಯೆಲ್ಲ ಅಳುತ್ತಾರೆ. ಗ್ರೇಡ್ ಎಷ್ಟು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಎಲ್ಲಿಗೆ ಹರಡಿದೆ ಅನ್ನುವುದು ಸ್ಟೇಜ್, ಎಷ್ಟು ಜೋರಾಗಿ ಬೆಳೆಯುತ್ತಿದೆ ಅನ್ನುವುದು ಗ್ರೇಡ್. ಬಯಾಪ್ಸಿ ರಿಪೋರ್ಟಿನಲ್ಲಿ ಕೆಐ-67 ಅಂತ ಇರುತ್ತದೆ, ನೋಡಿ. ಗಡ್ಡೆಯ ಜೀವಕೋಶಗಳಲ್ಲಿ ಎಷ್ಟು ಪಾಲು ಬೆಳೆಯುತ್ತಿವೆ ಅನ್ನುವ ಲೆಕ್ಕ ಅದು. ಅದು ಶೇ. 3ಕ್ಕಿಂತ ಕಡಿಮೆ ಇದ್ದರೆ ಗ್ರೇಡ್ 1, 20 ದಾಟಿದರೆ ಗ್ರೇಡ್ 3. ನನ್ನದು ಗ್ರೇಡ್ 1. ಇಂಥವರು ಹರಡಿದ ಮೇಲೂ ಹತ್ತು ವರ್ಷ, ಇನ್ನೂ ಜಾಸ್ತಿ ಬದುಕಿದ್ದಿದೆ.

ಹಾಗಂತ ಸುಮ್ನೆ ಕೂತರೆ ಆಗುವುದಿಲ್ಲ. 28 ದಿನಕ್ಕೊಮ್ಮೆ ಸೊಂಟದ ಕೆಳಗೆ ಆಕ್ಟ್ರಿಯೋಟೈಡ್ ಇಂಜೆಕ್ಷನ್. ಗಡ್ಡೆ ಸುರಿಸುವ ಹಾರ್ಮೋನಿಗೆ ಅದು ಕಡಿವಾಣ. ಅದು ಶುರುವಾಗುವ ಮೊದಲು ಮುಖ ಕೆಂಪಾಗುತ್ತಿತ್ತು, ಭೇದಿ ನಿಲ್ಲುತ್ತಿರಲಿಲ್ಲ. ಮುಟ್ಟು ನಿಲ್ಲುವ ವಯಸ್ಸು, ಟೆನ್ಷನ್, ಹೊರಗಿನ ಊಟ ಅಂತ ಒಬ್ಬೊಬ್ಬ ಡಾಕ್ಟರು ಒಂದೊಂದು ಹೇಳಿದ್ದರು. ಆಮೇಲೆ ಒಂದು ದಿನವಿಡೀ ಮೂತ್ರವನ್ನು ಡಬ್ಬಿಯಲ್ಲಿ ಸಂಗ್ರಹಿಸಿ ಮಾಡುವ ಪರೀಕ್ಷೆ ಬಂತು. ಅದಕ್ಕೆ ಮೊದಲು ಬಾಳೆಹಣ್ಣು, ಅನಾನಸ್ ತಿನ್ನುವ ಹಾಗಿಲ್ಲ. ಸಂಕಷ್ಟಿಯ ದಿನ ಪ್ರಸಾದದ ರಸಾಯನ ಬೇಡ ಅಂದಿದ್ದಕ್ಕೆ ನಮ್ಮತ್ತೆಗೆ ಸಿಟ್ಟು ಬಂದದ್ದು ಬೇರೆ ಕಥೆ.

ಗಡ್ಡೆ ಮತ್ತೆ ತಲೆ ಎತ್ತಿದಾಗ ಲುಟೀಶಿಯಂ ಕೊಟ್ಟರು. ಹುಡುಕಿಕೊಂಡು ಹೋಗಿ ಗಡ್ಡೆಗೇ ಅಂಟಿಕೊಂಡು ಅಲ್ಲೇ ವಿಕಿರಣ ಸೂಸುವ ಔಷಧಿ. ಇದರ ಲುಟೀಶಿಯಂ ನಮ್ಮ ಮುಂಬೈನ ಟ್ರಾಂಬೆಯ ಅಣು ರಿಯಾಕ್ಟರಿನಲ್ಲೂ ತಯಾರಾಗುತ್ತದೆ ಅಂತ ತಿಳಿದಾಗ ನಿಜಕ್ಕೂ ಹೆಮ್ಮೆಯಾಯ್ತು.

ನನಗೆ ಸಿಟ್ಟು ಬರುವುದು ಖರ್ಚಿನ ವಿಷಯಕ್ಕೆ. ಅಡ್ಮಿಟ್ ಆಗದೆ ತಗೊಂಡ ಇಂಜೆಕ್ಷನ್‌ಗೆ ದುಡ್ಡಿಲ್ಲ ಅಂತ ನನ್ನ ವಿಮೆ ಕಂಪನಿ ಪ್ರತಿ ಸಲ ತಕರಾರು ಮಾಡುತ್ತದೆ. ವರ್ಷಗಟ್ಟಲೆ ಬದುಕುವ ಕ್ಯಾನ್ಸರ್ ರೋಗಿ ಅವರ ಫಾರಂನಲ್ಲೇ ಇಲ್ಲ. ಆಪರೇಷನ್ ಮಾಡಿಸಿ, ಇಲ್ಲವೇ ಸಾಯಿರಿ ಅನ್ನುವ ಹಾಗಿದೆ ಅಲ್ವಾ?

ಇನ್ನು ನೆಂಟರು. "ಪಾಪ, ಅವಳಿಗೆ ಹುಷಾರಿಲ್ಲ" ಅಂತ ಮದುವೆ, ನಾಮಕರಣಕ್ಕೆ ಕರೆಯುವುದನ್ನೇ ಬಿಟ್ಟಿದ್ದೀರಿ. ದಯವಿಟ್ಟು ಕರೆಯಿರಿ. ಛತ್ರದಲ್ಲಿ ಬಾತ್‌ರೂಮ್ ಎಲ್ಲಿದೆ ಅಂತ ಮೊದಲೇ ತೋರಿಸಿ, ಸಾಕು.