ಬಿಟ್ಟಿ ಭೂಮಿ ಹಂಚಿದ ದೇಶ

ಟೆಕ್ಸಸ್ಸಿನಲ್ಲಿರುವ ನಮ್ಮ ಕನ್ನಡದವರ ವಾಟ್ಸ್ಯಾಪ್ ಗ್ರೂಪುಗಳಲ್ಲಿ "ಬಿಟ್ಟಿ ಭಾಗ್ಯ" ಅನ್ನೋ ಮಾತು ಬಾರದ ವಾರವೇ ಇಲ್ಲ. ಊರಲ್ಲಿ ಸರ್ಕಾರ ಅಕ್ಕಿ ಕೊಟ್ಟರೂ ಬಿಟ್ಟಿ, ಹೆಂಗಸರಿಗೆ ಬಸ್ಸು ಬಿಟ್ಟರೂ ಬಿಟ್ಟಿ. ಅದರ ಬೆನ್ನಿಗೇ ಟೆಕ್ಸಸ್ಸಿನ ಹಳೇ ವಲಸಿಗರ ಗುಣಗಾನ ಶುರುವಾಗುತ್ತೆ. ಅವರು ಸರ್ಕಾರದ ಮುಂದೆ ಕೈಯೊಡ್ಡಲಿಲ್ಲವಂತೆ, ರಟ್ಟೆ ಬಲದಲ್ಲೇ ನಾಡು ಕಟ್ಟಿದರಂತೆ. ಮೊದಲನೇ ಜಗಳ ನೀವು ನೀವೇ ಆಡಿಕೊಳ್ಳಿ. ಎರಡನೇದಕ್ಕೆ ನನ್ನದೊಂದು ತಕರಾರಿದೆ.

ಮೆಕ್ಸಿಕೋದಿಂದ ಬಿಡಿಸಿಕೊಂಡ ಟೆಕ್ಸಸ್ 1836ರಿಂದ 1845ರವರೆಗೆ ಬೇರೆಯೇ ದೇಶವಾಗಿತ್ತು. ಹೆಸರಿಗೆ ಗಣರಾಜ್ಯ, ಖಜಾನೆ ಖಾಲಿ. ಅವರು ಅಚ್ಚು ಹಾಕಿದ ನೋಟಿಗೆ 1842ರ ಹೊತ್ತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಕೊಡೋಕೆ ಇದ್ದದ್ದು ಒಂದೇ, ಭೂಮಿ. ಸೈನಿಕನ ಸಂಬಳಕ್ಕೆ ಭೂಮಿ: ಮೂರು ತಿಂಗಳು ಕೋವಿ ಹಿಡಿದರೆ 320 ಎಕರೆ. ಮೆಕ್ಸಿಕೋದವರನ್ನು ಸೋಲಿಸಿದ ಸಾನ್ ಜಸಿಂಟೋ ಯುದ್ಧದಲ್ಲಿದ್ದವನಿಗೆ ಅದರ ಮೇಲೆ 640 ಎಕರೆ. ಸಾಲ ತೀರಿಸೋಕೂ ಭೂಮಿ, ಜನ ಕರೆಸೋಕೂ ಭೂಮಿ.

ಬರೀ ಅಲ್ಲಿ ನೆಲೆಸಿದ್ದಕ್ಕೆ ಸಿಗುತ್ತಿದ್ದ ಭೂಮಿಗೆ ಹೆಡ್‌ರೈಟ್ ಅಂತ ಹೆಸರು. 1836ರ ಮಾರ್ಚ್ 2ಕ್ಕೆ, ಅಂದರೆ ಸ್ವಾತಂತ್ರ್ಯ ಘೋಷಣೆಯ ದಿನಕ್ಕೆ, ಅಲ್ಲಿ ವಾಸವಿದ್ದ ಸಂಸಾರಸ್ಥನಿಗೆ ಸುಮಾರು 4,605 ಎಕರೆ. ಲಾಲ್‌ಬಾಗ್ ಇರೋದು 240 ಎಕರೆ. ಒಂದು ಮನೆಗೆ ಹತ್ತೊಂಬತ್ತು ಲಾಲ್‌ಬಾಗ್ ಆಯ್ತು! ಮದುವೆಯಾಗದವನಿಗೆ 1,476 ಎಕರೆ. ತಡವಾಗಿ ಬಂದಷ್ಟೂ ಪಾಲು ಕಮ್ಮಿ. 1837ರ ಅಕ್ಟೋಬರ್ ಒಳಗೆ ಬಂದ ಕುಟುಂಬಕ್ಕೆ 1,280, ಆಮೇಲೆ ಬಂದವರಿಗೆ 640. ಅದೇ ಕಾಲದಲ್ಲಿ ಪಕ್ಕದ ಅಮೆರಿಕದಲ್ಲಿ ಸರ್ಕಾರಿ ಭೂಮಿ ಬೇಕೆಂದರೆ ಎಕರೆಗೆ ಒಂದೂಕಾಲು ಡಾಲರ್ ನಗದು ಎಣಿಸಬೇಕಿತ್ತು. 1837ರಲ್ಲಿ ಅಲ್ಲಿ ಬ್ಯಾಂಕುಗಳು ಮುಳುಗಿದಾಗ ಸಾಲ ಕೊಟ್ಟವರ ಕಾಟ ತಾಳಲಾರದೆ ಎಷ್ಟೋ ಜನ ರಾತ್ರೋರಾತ್ರಿ ಟೆಕ್ಸಸ್ಸಿಗೆ ಗಾಡಿ ಕಟ್ಟಿದರು. ಮಹಾ ಸಾಹಸಿಗಳು ಅಂತ ನಾವು ಫೋಟೋ ಹಾಕಿ ಪೂಜಿಸೋರಲ್ಲಿ ಸಾಲ ತಪ್ಪಿಸಿಕೊಂಡು ಓಡಿಬಂದವರೂ ಜಾಸ್ತಿನೇ ಇದ್ದಾರೆ.

ಭೂಮಿ ಕೈಗೆ ಬರೋದು ಹೇಗೆ ಅಂತೀರಾ? ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಭೂಮಿ ಸಮಿತಿಯ ಮುಂದೆ ನಿಂತು ಪ್ರಮಾಣ ಮಾಡಬೇಕು. ಆ ದಿನ ಇಲ್ಲೇ ಇದ್ದೆ, ಯುದ್ಧಕ್ಕೆ ಹೆದರಿ ಓಡಿಹೋಗಲಿಲ್ಲ, ಶತ್ರುವಿಗೆ ಸಹಾಯ ಮಾಡಲಿಲ್ಲ. ಜೊತೆಗೆ ಇಬ್ಬರು ಸಾಕ್ಷಿ. ಸರ್ಟಿಫಿಕೇಟ್ ಸಿಕ್ಕ ಮೇಲೆ ಖಾಲಿ ಜಾಗ ಹುಡುಕಿ ಸರ್ವೇ ಮಾಡಿಸಬೇಕು. ಆ ಸರ್ವೇ ಟಿಪ್ಪಣಿಗಳನ್ನು ಓದಿದರೆ ನಮ್ಮ ಹಳೇ ಕ್ರಯಪತ್ರದ ಚೆಕ್ಕುಬಂದಿಯೇ ನೆನಪಾಗುತ್ತೆ. ಮೂಲೆಗೆ ಒಂದು ಗೂಟ, ಹತ್ತಿರದ ಎರಡು ಮರಕ್ಕೆ ಕೊಡಲಿಯ ಗುರುತು. ಯಾವ ಜಾತಿಯ ಮರ, ಎಷ್ಟು ಇಂಚು ದಪ್ಪ, ಯಾವ ದಿಕ್ಕು, ಎಲ್ಲ ಬರೆದಿರುತ್ತಾರೆ. ಮರವೇ ಇಲ್ಲದ ಬಯಲಾದರೆ ಮಣ್ಣಿನ ಗುಡ್ಡೆ. ಅಳತೆ ಮಾತ್ರ ಸ್ಪೇನಿನವರು ಬಿಟ್ಟುಹೋದ ವಾರಾ ಲೆಕ್ಕದಲ್ಲಿ. ಓಡಾಡಿ ಅಳೆಸಿಕೊಟ್ಟವನಿಗೆ ಮೂರರಲ್ಲೊಂದು ಪಾಲು ಬಿಟ್ಟುಕೊಡೋದೂ ಇತ್ತು.

ಬೋಗಸ್ ಸರ್ಟಿಫಿಕೇಟ್ ಇರಲಿಲ್ವಾ? ಧಾರಾಳವಾಗಿತ್ತು. ಅದನ್ನು ಹಿಡಿಯೋಕೆ 1840ರಲ್ಲಿ ಬೇರೆ ಕಾನೂನೇ ಮಾಡಬೇಕಾಯ್ತು. ಶೆಲ್ಬಿ ಕೌಂಟಿಯಲ್ಲಂತೂ ಸುಳ್ಳು ಪತ್ರಗಳ ಗಲಾಟೆ ಎರಡು ಬಣಗಳ ಕೊಲೆಗಳಿಗೆ ತಿರುಗಿತು. 1844ರಲ್ಲಿ ಅಧ್ಯಕ್ಷ ಸ್ಯಾಮ್ ಹ್ಯೂಸ್ಟನ್ ಪಡೆ ಕಳಿಸಿದ ಮೇಲೆಯೇ ಅದು ತಣ್ಣಗಾದದ್ದು.

ಇಷ್ಟೇ ಆಗಿದ್ದರೆ ಸುಮ್ನೆ ನಕ್ಕು ಬಿಡಬಹುದಿತ್ತು. ಆದರೆ ಈ ಹಂಚಿಕೆಯಲ್ಲಿ ಯಾರಿಗೆ ಪಾಲಿಲ್ಲ ಅನ್ನೋದನ್ನೂ ಸಂವಿಧಾನದಲ್ಲೇ ಬರೆದಿದ್ದರು. ಆಫ್ರಿಕನ್ನರು, ಅವರ ಸಂತತಿ, ಇಂಡಿಯನ್ನರು, ಅಂದರೆ ಅಮೆರಿಕದ ಮೂಲನಿವಾಸಿಗಳು. ಆ ಮೂಲನಿವಾಸಿಗಳಲ್ಲೇ ಒಂದು ಬುಡಕಟ್ಟಾದ ಚೆರೋಕಿ ಜನಕ್ಕೆ ಅವರಿದ್ದ ಭೂಮಿಯನ್ನು ಬಿಟ್ಟುಕೊಡುತ್ತೇವೆ ಅಂತ 1836ರ ಫೆಬ್ರವರಿಯಲ್ಲಿ ಹ್ಯೂಸ್ಟನ್ನೇ ಒಪ್ಪಂದಕ್ಕೆ ಸಹಿ ಹಾಕಿದ್ದ. ಸೆನೆಟ್ ಅದನ್ನು ತಳ್ಳಿಹಾಕಿತು. 1839ರ ಜುಲೈನಲ್ಲಿ ಆಗಿನ ಅಧ್ಯಕ್ಷ ಲಮಾರನ ಪಡೆ ನೆಚಸ್ ನದಿಯ ಹತ್ತಿರ ಅವರ ಮುಖಂಡ ಬೋಲ್ಸ್‌ನನ್ನು ಕೊಂದು ಜನರನ್ನು ಹೊರಗಟ್ಟಿತು. ಹಂಚಲು ಇದ್ದ "ಖಾಲಿ" ಭೂಮಿ ಖಾಲಿಯಾದದ್ದು ಹೀಗೂ.

ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಗ್ರೀನ್‌ಬರಿ ಲೋಗನ್ನನ ಕಥೆ. ಕೆಂಟಕಿಯಲ್ಲಿ ಗುಲಾಮನಾಗಿ ಹುಟ್ಟಿ ಬಿಡುಗಡೆ ಪಡೆದ ಕಪ್ಪು ಮನುಷ್ಯ, ಕಮ್ಮಾರ. 1831ರಲ್ಲಿ, ಟೆಕ್ಸಸ್ ಇನ್ನೂ ಮೆಕ್ಸಿಕೋದ ಕೈಲಿದ್ದಾಗ, ಸ್ಟೀಫನ್ ಆಸ್ಟಿನ್ ಅನ್ನೋನ ವಸಾಹತಿಗೆ ಬಂದ. ಸಾವಿರಕ್ಕೂ ಹೆಚ್ಚು ಎಕರೆ ಮಂಜೂರಾಯ್ತು. ಗುಲಾಮಳಾಗಿದ್ದ ಕ್ಯಾರೊಲಿನ್‌ಳನ್ನು ದುಡ್ಡು ಕೊಟ್ಟು ಬಿಡಿಸಿ ಮದುವೆಯಾದ. 1835ರಲ್ಲಿ ಟೆಕ್ಸಸ್ ಪರವಾಗಿ ಹೋರಾಡಿ, ಸಾನ್ ಆಂಟೋನಿಯೋದಲ್ಲಿ ಗುಂಡು ತಗುಲಿ ಬಲಗೈ ಕಳೆದುಕೊಂಡಷ್ಟೇ ಆಯ್ತು. ಕೈಯಿಲ್ಲದ ಕಮ್ಮಾರ ಬದುಕೋದು ಹೇಗೆ? ಯಾವ ದೇಶಕ್ಕಾಗಿ ಹೋರಾಡಿದನೋ ಆ ದೇಶದಲ್ಲೇ ಇರೋಕೆ ಅವನು 1837ರಲ್ಲಿ ಅರ್ಜಿ ಹಾಕಬೇಕಾಯ್ತು. ಯಾಕಂದ್ರೆ ಬಿಡುಗಡೆಯಾದ ಕಪ್ಪುಜನ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಅನುಮತಿಯಿಲ್ಲದೆ ಅಲ್ಲಿರುವಂತಿರಲಿಲ್ಲ. ಓಟು ಇಲ್ಲ. ತೆರಿಗೆ ಮಾತ್ರ ಬಿಡಲಿಲ್ಲ. 1841ರಲ್ಲಿ, ದುಡಿಯೋಕೆ ಆಗ್ತಿಲ್ಲ, ಜಮೀನಿನ ತೆರಿಗೆಯಾದರೂ ಮಾಫಿ ಮಾಡಿ ಅಂತ ಕೇಳಿಕೊಂಡ. ಮಾಡಲಿಲ್ಲ.

ವಲಸಿಗರು ಕಷ್ಟಪಡಲಿಲ್ಲ ಅಂತ ನಾನು ಹೇಳ್ತಿಲ್ಲ. ಚಳಿಜ್ವರ, ಹಸಿವು, ದಾಳಿ ಎಲ್ಲ ಕಂಡವರು. ಆದರೆ ಸರ್ಕಾರದ ಹಂಗಿಲ್ಲದೆ ಬದುಕಿದರು ಅನ್ನಬೇಡಿ. ಆ ಕಾಲದ ಅತಿ ದೊಡ್ಡ ಸರ್ಕಾರಿ ಭಾಗ್ಯದ ಫಲಾನುಭವಿಗಳು ಅವರೇ. ಅವರ ಪಟ್ಟಿ, ಕೈಬರಹದ ಕಡತಗಳ ಸಮೇತ, ಆಸ್ಟಿನ್ನಿನ ಜನರಲ್ ಲ್ಯಾಂಡ್ ಆಫೀಸಿನಲ್ಲಿ ಈಗಲೂ ಇದೆ.

ಡ್ಯಾಲಸ್, ಪ್ಲೇನೋ, ಫ್ರಿಸ್ಕೋ ಕಡೆಯವರಿಗೆ ಒಂದು ಮಾತು. ನೀವಿರೋದು 1841ರಲ್ಲಿ ಜನ ಕರೆತರೋಕೆ ಅಂತ ಗಣರಾಜ್ಯ ಖಾಸಗಿಯವರ ಜೊತೆ ಕರಾರು ಮಾಡಿಕೊಂಡ ಪೀಟರ್ಸ್ ವಸಾಹತಿನ ನೆಲದಲ್ಲಿ. ಅಲ್ಲಿ ಕುಟುಂಬಕ್ಕೆ 640 ಎಕರೆ, ಅದರಲ್ಲಿ ಅರ್ಧದವರೆಗೂ ಆ ಖಾಸಗಿಯವರ ಕಂಪನಿ ತನ್ನ ಸೇವೆಗೆ ಅಂತ ಇಟ್ಟುಕೊಳ್ಳಬಹುದಿತ್ತು. ಸಿಟ್ಟಿಗೆದ್ದ ರೈತರು 1852ರಲ್ಲಿ ಕಂಪನಿಯ ಏಜೆಂಟ್ ಹೆಜ್‌ಕಾಕ್ಸ್‌ನ ಕಡತಗಳನ್ನು ಕಿತ್ತುಕೊಂಡು ಅವನನ್ನು ಓಡಿಸಿದರು. ಪ್ಲೇನೋದಲ್ಲಿ ಅದೇ ಹೆಸರಿನ ರೋಡಲ್ಲಿ ನೀವೂ ಓಡಾಡಿರ್ತೀರಿ. ಮನೆ ಕೊಂಡಾಗ ಸಹಿ ಹಾಕಿದ ಕಾಗದವನ್ನೋ ಬಡಾವಣೆಯ ನಕ್ಷೆಯನ್ನೋ ತೆಗೆದು ನೋಡಿ. ಯಾರದೋ ಹೆಸರಿನ ಸರ್ವೇ, ಪಕ್ಕದಲ್ಲಿ ಅಬ್‌ಸ್ಟ್ರಾಕ್ಟ್ ನಂಬರ್, ಅಂದರೆ ಆ ಮೂಲ ಸರ್ವೇಯ ಗುರುತಿನ ಸಂಖ್ಯೆ, ಇರುತ್ತೆ. ಆ ನಂಬರನ್ನು ಕೌಂಟಿಯ ಹೆಸರಿನ ಜೊತೆ ಲ್ಯಾಂಡ್ ಆಫೀಸಿನ ವೆಬ್‌ಸೈಟಿನಲ್ಲಿ ಹಾಕಿದರೆ ನಿಮ್ಮ ಹಿತ್ತಲಿನ ಜಾಗ ಮೊದಲು ಯಾರಿಗೆ, ಯಾವ ಲೆಕ್ಕದಲ್ಲಿ ಸಿಕ್ಕಿತ್ತು ಅಂತ ಗೊತ್ತಾಗುತ್ತೆ. ಸಿಕ್ಕವರು ಕಾಮೆಂಟಿನಲ್ಲಿ ಹಾಕಿ, ಓದೋಣ.