ನೀರು ಹಾಕಿದರೆ ಸಾಲದು, ತಂಪು ಬೇಕು
ದಿನಾ ಎರಡು ಹೊತ್ತು ನೀರು ಹಾಕಿದರೆ ಸ್ಪ್ರೂಸ್ (ಕ್ರಿಸ್‌ಮಸ್‌ಗೆ ಸಿಂಗರಿಸುವ ಸೂಜಿ ಎಲೆಯ ಮರ) ಯಾವ ಊರಲ್ಲಾದರೂ ಬರುತ್ತದೆ ಅಂತ ಬರೆದಿದ್ದೀರಿ. ನಮ್ಮ ರಾಯಚೂರಿಗೆ ಈ ಮಾತು ಹೊಂದುವುದಿಲ್ಲ. ಹಿಮಾಲಯದಲ್ಲಿ 2,000 ಮೀಟರ್‌ಗಿಂತ ಮೇಲೆ ತಂಪಿನಲ್ಲಿ ಬೆಳೆಯುವ ಮರ ಅದು, ಇಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ, ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಅಣ್ಣ ಶಿಮ್ಲಾ ಕಡೆಯಿಂದ ತಂದುಕೊಟ್ಟ ಸಸಿಯನ್ನು ಅಂಗಳದ ಎರೆಮಣ್ಣಿನಲ್ಲಿ ನೆಟ್ಟು ನಾನೂ ಹೀಗೇ ಜಾಸ್ತಿ ನೀರು ಹಾಕಿದೆ. ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ ಅಲ್ವಾ, ಎಲೆ ಒಣಗುತ್ತಿದೆ ಅಂತ ಇನ್ನಷ್ಟು ಹಾಕಿದೆ, ಕಿತ್ತು ನೋಡಿದರೆ ಬೇರು ಕೊಳೆತಿತ್ತು. ತುಂಬಾ ಬೇಜಾರಾಯಿತು. ಇನ್ನೊಂದು, ನಮ್ಮ ಕಡೆ ನರ್ಸರಿಗಳಲ್ಲಿ ಕ್ರಿಸ್‌ಮಸ್ ಮರ ಅಂತ ಕೊಡುವುದು ಹೆಚ್ಚಾಗಿ ಅರೌಕೇರಿಯಾ ಅನ್ನುವ ಬೇರೆ ಜಾತಿಯ ಮರ, ಸ್ಪ್ರೂಸ್ ಅಲ್ಲ. ಕೇಳಿ ತಗೊಳ್ಳಿ. ಬಿಸಿಲೂರಿನವರು ಸುಮ್ನೆ ಒಂದು ಬೇವು ನೆಡಿ, ಎರಡು ಬೇಸಿಗೆ ನೋಡಿಕೊಂಡರೆ ಸಾಕು.