ಅರಣ್ಯ ಹಕ್ಕಿಗೆ ಎಲ್ಲರೂ 75 ವರ್ಷದ ದಾಖಲೆ ಕೊಡಬೇಕೇ? ಇಲ್ಲ

‘ಅರಣ್ಯ ಹಕ್ಕುಪತ್ರ ಬೇಕಾದರೆ ಯಾರೇ ಆಗಲಿ 75 ವರ್ಷದ ಕಂದಾಯ ದಾಖಲೆ ಕೊಡಬೇಕು’ ಎಂಬ ಮಾತು ಹಬ್ಬಿದೆ. ಇದು ತಪ್ಪು. ಇದನ್ನು ನಂಬಿ ಹಾಡಿಯ (ಕಾಡಿನ ಆದಿವಾಸಿ ವಸತಿಯ) ಜನ ಅರ್ಜಿಯನ್ನೇ ಹಾಕದೆ ಉಳಿಯಬಾರದು.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸೋಲಿಗ, ಜೇನುಕುರುಬರಂಥ ಪರಿಶಿಷ್ಟ ಪಂಗಡದವರಿಗೆ ಆ ಷರತ್ತೇ ಇಲ್ಲ. ಜಮೀನು 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಸ್ವಾಧೀನದಲ್ಲಿರಬೇಕು. ಮೂರು ತಲೆಮಾರು, ಅಂದರೆ 75 ವರ್ಷದ ಲೆಕ್ಕ ಪರಿಶಿಷ್ಟ ಪಂಗಡಕ್ಕೆ ಸೇರದ ‘ಇತರ ಪಾರಂಪರಿಕ ಅರಣ್ಯವಾಸಿ’ಗಳಿಗೆ. ಅದೂ ಕಾಡಿನಲ್ಲಿ ವಾಸ, ಕಾಡಿನ ಅವಲಂಬನೆಗೆ ಮಾತ್ರ. ಅದೇ ತುಂಡು ಭೂಮಿಯನ್ನು 75 ವರ್ಷ ಉತ್ತಿರಬೇಕೆಂದಲ್ಲ.

ಸಾಕ್ಷ್ಯ ಕಾಗದವೇ ಆಗಬೇಕಿಲ್ಲ. ಈ ಕಾಯ್ದೆಯಡಿಯ ನಿಯಮ 13ರ ಪ್ರಕಾರ ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಬೇಕು: ಮನೆ, ಬದು, ಸಮತಟ್ಟು ಮಾಡಿದ ನೆಲ, ಹಳೆಯ ಬಾವಿ, ಸಮಾಧಿ, ಹಿರಿಯರ ಲಿಖಿತ ಹೇಳಿಕೆ. ಹೇಳಿಕೆ ಕೊಡುವ ಹಿರಿಯರು ಅರ್ಜಿದಾರರಾಗಿರಬಾರದು. ಇದನ್ನು ಮೊದಲೇ ನೋಡಿಕೊಳ್ಳಿ. ಉಪಗ್ರಹ ಚಿತ್ರ ಪೂರಕ ಸಾಕ್ಷ್ಯ ಮಾತ್ರ, ಉಳಿದವಕ್ಕೆ ಬದಲಿಯಲ್ಲ.

ಜಮೀನಿಗೆ ನಮೂನೆ ‘ಎ’, ಜೇನು, ಸೀಗೆಯಂಥ ಕಿರು ಉತ್ಪನ್ನದ ಸಮುದಾಯ ಹಕ್ಕಿಗೆ ನಮೂನೆ ‘ಬಿ’. ಅರ್ಜಿ ತಿರಸ್ಕಾರವಾಯಿತೆಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಕಾರಣವನ್ನು ಬರಹದಲ್ಲಿ ಪಡೆದು, ಗ್ರಾಮಸಭೆಯ ನಿರ್ಣಯದ ವಿರುದ್ಧ 60 ದಿನದೊಳಗೆ ಉಪವಿಭಾಗ ಸಮಿತಿಗೆ ಮೇಲ್ಮನವಿ ಸಲ್ಲಿಸಿ.